ಕುರಿ ಸರ್ ಕುರಿಯ ಮಾತೆತ್ತದ ದಿನ

ಶ್ರದ್ಧಾಂಜಲಿ ಸಭೆಯಲ್ಲಿ ಎಲ್ಲರೂ ಎಷ್ಟು ಒಳ್ಳೆಯ ಮಾತಾಡಿದರೆಂದರೆ, ಸತ್ತವರು ಯಾರೆಂಬುದೇ ನನಗೆ ಮರೆತುಹೋಗುವಂತಾಯಿತು. ಒಬ್ಬರು ಜ್ಞಾನದ ಗಣಿ ಎಂದರು. ಇನ್ನೊಬ್ಬರು ಶಿಸ್ತಿನ ಸಿಪಾಯಿ ಎಂದರು. ಮೂರನೆಯವರು ಎದೆಗಾರ ಎಂದಾಗ ನನಗೆ ನಗು ತಡೆಯುವುದೇ ಕಷ್ಟವಾಯಿತು. ನಮ್ಮ ಸರ್ ಎಂಥ ಎದೆಗಾರರೆಂದರೆ, ಬಳ್ಳಾರಿಯ ಆಸ್ಪತ್ರೆಯಲ್ಲಿ ಹೆರಿಗೆ ವಾರ್ಡಿನ ಮುಂದೆ ಹಾಯಬೇಕಾಗಿ ಬಂದರೆ ಎಕ್ಸ್‌ರೇ ಕೋಣೆಯ ಹಿಂದಿನಿಂದ ಸುತ್ತು ಹಾಕಿಕೊಂಡು ಹೋಗುತ್ತಿದ್ದರು. ಒಳಗಿನಿಂದ ಹೆಂಗಸೊಬ್ಬಳು ನೋವಿಗೆ ಕೂಗಿದ್ದು ಕೇಳಿದರೆ ಅವರ ಮುಖ ಬಿಳಿಚಿಕೊಳ್ಳುತ್ತಿತ್ತು. ಶಿಸ್ತೂ ಅಷ್ಟಕ್ಕಷ್ಟೆ. ಅಂಗಿಯ ಗುಂಡಿಯನ್ನು ಒಂದು ಮನೆ ತಪ್ಪಿ ಹಾಕಿಕೊಂಡೇ ಎಷ್ಟೋ ದಿನ ಪಾಠ ಮಾಡಿದ್ದಾರೆ. ಸಭೆಯಲ್ಲಿ ನನ್ನನ್ನೂ ಮಾತಿಗೆ ಕರೆದರು. ಎದ್ದು ನಿಂತು ಏನೋ ಎರಡು ಮಾತು ತೊದಲಿ ಕೂತೆ. ಹೇಳಬೇಕಾದದ್ದು ಗಂಟಲಲ್ಲೇ ಉಳಿಯಿತು, ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

ಅವರು ನಮಗೆ ಫಿಜಿಯಾಲಜಿ ಕಲಿಸಿದವರು. ಮೈಯೊಳಗೆ ಯಾವುದು ಹೇಗೆ ನಡೆಯುತ್ತದೆ ಎಂಬುದನ್ನು ಹೇಳುವ ವಿದ್ಯೆ ಅದು. ಎಪ್ಪತ್ತರ ದಶಕದ ಮೊದಲಲ್ಲಿ ಬಳ್ಳಾರಿಯ ಹತ್ತಿರದ ಮೋಕದಿಂದ ಬಂದು ನಾನು ಕಾಲೇಜು ಸೇರಿದಾಗ, ಮೇಲಿನ ತರಗತಿಯವರು ಮೊದಲು ಕೇಳಿದ್ದೇ "ಕುರಿ ಸರ್ ಪಾಠ ಶುರುವಾತೇನು?" ಎಂದು. ಕುರಿ ಎಂದರೆ ಅವರ ಸ್ವಭಾವಕ್ಕೆ ಇಟ್ಟ ಹೆಸರಿರಬೇಕು ಅಂದುಕೊಂಡಿದ್ದೆ. ಅದು ಅವರ ಪಾಠಕ್ಕೆ ಇಟ್ಟ ಹೆಸರು.

ಹೆರಿಗೆಯ ನೋವು ಯಾಕೆ ಶುರುವಾಗುತ್ತದೆ ಎಂಬುದು ಅವರ ಜೀವದ ಪ್ರಶ್ನೆಯಾಗಿತ್ತು. "ಒಂಬತ್ತು ತಿಂಗಳು ಸುಮ್ನ ಮಲಗಿದ್ದ ಗರ್ಭಕೋಶ ಒಂದಿನ ಎದ್ದು ಕುಂದರತೈತಲ್ಲ, ಅದನ್ನ ಎಬ್ಬಿಸಿದೋರು ಯಾರು?" ಎಂದು ಕೇಳಿ, ಕಳ್ಳನನ್ನು ಹುಡುಕುವ ಪೊಲೀಸಿನವರಂತೆ ನಮ್ಮ ಮುಖಗಳನ್ನು ಒಂದೊಂದಾಗಿ ನೋಡುತ್ತಿದ್ದರು. ಯಾರೂ ಬಾಯಿ ಬಿಡದಿದ್ದರೆ ಅವರಿಗೆ ಪರಮ ಸಂತೋಷ. ಆಗ ಕುರಿ ಬರುತ್ತಿತ್ತು. ಯಾವುದೋ ದೂರದ ದೇಶದಲ್ಲಿ ಕುರಿಗಳ ಮೇಲೆ ಪ್ರಯೋಗ ಮಾಡಿ, ಹೊಟ್ಟೆಯಲ್ಲಿರುವ ಮರಿಯೇ ಹೆರಿಗೆಯನ್ನು ಶುರು ಮಾಡುತ್ತದೆ ಎಂದು ಆಗಷ್ಟೇ ಕಂಡುಕೊಂಡಿದ್ದರು. ಮರಿಯ ಮೈ ಬಲಿತ ಮೇಲೆ ಅದರದೇ ಒಂದು ಹಾರ್ಮೋನು ತಾಯಿಯ ಕಡೆ ಹೊರಡುತ್ತದೆ, ಅಲ್ಲಿಂದ ಒಂದಾದ ಮೇಲೊಂದು ಕೆಲಸ ಶುರುವಾಗುತ್ತದೆ. ಇದನ್ನು ಹೇಳುವಾಗ ಅವರ ಕಣ್ಣುಗಳು ಒದ್ದೆಯಾಗುತ್ತಿದ್ದವು. ಹಿಂದಿನ ಬೆಂಚಿನವರು ಮೆಲ್ಲಗೆ ಮ್ಯಾ ಎನ್ನುತ್ತಿದ್ದರು. ಸರ್‌ಗೆ ಕೇಳಿಸುತ್ತಿತ್ತು. "ಇರಲಿ, ಇರಲಿ. ನಿಮ್ಮನ್ನೂ ಯಾವುದೋ ಹಾರ್ಮೋನು ಎಬ್ಬಿಸತೈತಿ, ಅವತ್ತು ಎಚ್ಚರ ಆಗ್ರಿ" ಎಂದು ಮುಂದೆ ಹೋಗುತ್ತಿದ್ದರು.

ಒಮ್ಮೆ ನಮ್ಮನ್ನೆಲ್ಲ ಬಸ್ಸಿನಲ್ಲಿ ರೂಪನಗುಡಿಯ ಹತ್ತಿರ ಒಂದು ಕುರಿಹಟ್ಟಿಗೆ ಕರೆದುಕೊಂಡು ಹೋದರು. ಈಯುವ ಹೊತ್ತಿಗೆ ಬಂದ ಒಂದು ಕುರಿ ಇದೆ ಎಂದು ಯಾರೋ ಸುದ್ದಿ ಕೊಟ್ಟಿದ್ದರಂತೆ. ನಾವು ಬಿಳಿ ಕೋಟು ಹಾಕಿಕೊಂಡು ಅದರ ಸುತ್ತ ಮುತ್ತಿಗೆ ಹಾಕಿದೆವು. ಕುರಿ ಒಮ್ಮೆ ನಮ್ಮನ್ನು ನೋಡಿತು, ನೋವನ್ನೆಲ್ಲ ನುಂಗಿಕೊಂಡಂತೆ ಎದ್ದು ನಿಂತು ಹುಲ್ಲು ಮೇಯತೊಡಗಿತು. "ಏ, ದೂರ ಸರೀರೋ, ನನ್ನ ಕುರಿ ಅಂಜ್ಯಾವ!" ಎಂದು ಕುರಿಯವನು ಬೈದ. ಸರ್ ಕುಣಿದಾಡುವುದೊಂದು ಬಾಕಿ. "ನೋಡಿದ್ರೇನು? ಅಂಜಿಕಿ ಆದ್ರ ಅಡ್ರಿನಾಲಿನ್, ಅಡ್ರಿನಾಲಿನ್ ಬಂದ್ರ ನೋವು ಬಂದ್!" ಎಂದು ಬಯಲಲ್ಲೇ ಪಾಠ ಮಾಡಿದರು. ನಾವು ದೂರ ಹೋಗಿ ಜಾಲಿಮರದ ಕೆಳಗೆ ಕೂತ ಮೇಲೆ ಕುರಿ ಈದಿತು. ಎಲ್ಲರೂ ಕತ್ತು ಉದ್ದ ಮಾಡಿ ನೋಡುತ್ತಿದ್ದರೆ ಸರ್ ಮಾತ್ರ ಬೆನ್ನು ತಿರುಗಿಸಿ ನಿಂತು, "ಆತೇನವ್ವಾ? ಆತೇನು?" ಎಂದು ನನ್ನನ್ನು ಕೇಳುತ್ತಿದ್ದರು. ಇಷ್ಟು ದೂರ ಬಂದು ನೋಡಲಿಲ್ಲವಲ್ಲ ಎಂದರೆ, "ನನಗ ಅದರ ಲೆಕ್ಕಾಚಾರ ಗೊತ್ತವ್ವ, ಅದರ ಸಂಕಟ ನೋಡಾಕ ಆಗಂಗಿಲ್ಲ" ಎಂದರು.

ಅವರ ಇನ್ನೊಂದು ಗುಣ ಹೇಳಬೇಕು. ಪ್ರಶ್ನೆಗೆ ಉತ್ತರ ಕೊಡದೆ ಅವರು ಯಾರನ್ನೂ ಬಿಟ್ಟವರಲ್ಲ. ಆ ಕ್ಷಣಕ್ಕೆ ತಿಳಿಯದಿದ್ದರೆ "ನಾಳಿ ಹೇಳತೀನಿ" ಎನ್ನುತ್ತಿದ್ದರು. ಕೇಳಿದವನು ಮರೆತು ಹಾಸ್ಟೆಲಿನಲ್ಲಿ ಮಲಗಿದ್ದರೆ, ಮರುದಿನ ಹಾಸ್ಟೆಲಿನ ಬಾಗಿಲಿಗೇ ಬಂದು ಎಬ್ಬಿಸಿ ಉತ್ತರ ಹೇಳಿ ಹೋಗುತ್ತಿದ್ದರು. ಅದಕ್ಕೆ ಅಂಜಿ ಎಷ್ಟೋ ಹುಡುಗರು ಪ್ರಶ್ನೆ ಕೇಳುವುದನ್ನೇ ಬಿಟ್ಟಿದ್ದರು.

ನಾನು ಓದು ಮುಗಿಸಿ, ಅವರು ಸುತ್ತು ಹಾಕಿಕೊಂಡು ಹೋಗುತ್ತಿದ್ದ ಆ ಹೆರಿಗೆ ವಾರ್ಡಿನಲ್ಲೇ ಡಾಕ್ಟರಾದೆ. ಅದರ ಮರುವರ್ಷ ಸರ್ ತಮ್ಮ ಒಬ್ಬಳೇ ಮಗಳನ್ನು ಸಿರುಗುಪ್ಪದ ಅಕ್ಕಿ ಗಿರಣಿಯ ಮನೆಗೆ ಕೊಟ್ಟು ಮದುವೆ ಮಾಡಿದರು. ದೊಡ್ಡ ಮನೆತನ. ಬೀಗರು ಗಟ್ಟಿ ದನಿಯ ಮನುಷ್ಯ. ಕನ್ನಡದಲ್ಲಿ ಶುರುಮಾಡಿ ಸಿಟ್ಟು ಬಂದಾಗ ತೆಲುಗಿಗೆ ಹೊರಳುತ್ತಿದ್ದರು. ಅಳಿಯ ಅಪ್ಪನ ಎದುರಿಗೆ ಕೆಮ್ಮಲೂ ಹೆದರುವ ಹುಡುಗ. ಬೀಗತಿಯ ದನಿಯನ್ನು ಮದುವೆಯಲ್ಲಿ ನಾನು ಕೇಳಿದ ನೆನಪೇ ಇಲ್ಲ, ತಲೆಯ ಮೇಲೆ ಸೆರಗು ಹೊದ್ದು ಒಂದು ಮೂಲೆಯಲ್ಲಿ ಕೂತಿದ್ದರು.

ಮೊದಲ ಹೆರಿಗೆ ತವರಿನಲ್ಲಾಗಬೇಕು. ಮಗಳು ತಿಂಗಳು ತುಂಬುವ ಮೊದಲೇ ಕಂಟೋನ್ಮೆಂಟಿನ ಸರ್ ಮನೆಗೆ ಬಂದಳು. ಒಂದು ದಿನ ಬೆಳಿಗ್ಗೆ ನೋವು ಕಾಣಿಸಿತು, ವಾರ್ಡಿಗೆ ಕರೆತಂದರು. ನೋಡಿದೆ, ಎಲ್ಲ ಚೆನ್ನಾಗಿತ್ತು. ಹೊತ್ತು ಹಿಡಿಯುತ್ತದೆ, ಅಷ್ಟೆ. ಸರ್ ಹೊರಗೆ ಬೇವಿನ ಮರದ ಕೆಳಗೆ ಎರಡೂ ಕಿವಿ ಮುಚ್ಚಿಕೊಂಡು ನಿಂತಿದ್ದರು.

ಸುದ್ದಿ ತಿಳಿದು ಮಧ್ಯಾಹ್ನದ ಹೊತ್ತಿಗೆ ಸಿರುಗುಪ್ಪದಿಂದ ಒಂದು ಜೀಪು ತುಂಬ ಜನ ಬಂದಿಳಿದರು. ಬೀಗರು, ಬೀಗತಿ, ಅಳಿಯ, ಅತ್ತೆಯ ಕಡೆಯ ಹೆಂಗಸರು. ಆಗೆಲ್ಲ ವಾರ್ಡಿಗೆ ಬರುವವರನ್ನು ತಡೆಯುವುದು ನಮ್ಮಿಂದ ಆಗುತ್ತಿರಲಿಲ್ಲ. ಹೆಂಗಸರು ಒಬ್ಬೊಬ್ಬರಾಗಿ ಬಂದು ಹೊಟ್ಟೆಯ ಮೇಲೆ ಕೈಯಿಟ್ಟು ನೋಡಿದರು. ಒಬ್ಬಳು ಹೆಣ್ಣೆಂದಳು, ಇನ್ನೊಬ್ಬಳು ಇವತ್ತು ಆಗುವ ಲಕ್ಷಣವಿಲ್ಲವೆಂದಳು. ಬೀಗರು ಬಾಗಿಲಲ್ಲಿ ನಿಂತು, ಇಳಿಹೊತ್ತಿಗೆ ಅಮಾವಾಸ್ಯೆ ಹತ್ತುತ್ತದೆ, ಅಷ್ಟರೊಳಗೆ ಆಗಲೇಬೇಕು, ತಮ್ಮ ಮನೆಯಲ್ಲಿ ಅಮಾವಾಸ್ಯೆಯ ಕೂಸು ತೊಟ್ಟಿಲೇರಿದ್ದಿಲ್ಲ ಎಂದು ಇಡೀ ವಾರ್ಡಿಗೆ ಕೇಳುವಂತೆ ಹೇಳಿದರು. ಮಂಚದ ಮೇಲಿದ್ದ ಹುಡುಗಿ ತಾಯಿಯ ಕೈಯನ್ನು ಬಿಗಿಯಾಗಿ ಹಿಡಿದಳು. ನೋಡನೋಡುತ್ತಿದ್ದಂತೆ ಅವಳ ನೋವುಗಳು ದೂರ ದೂರವಾದವು, ಆಮೇಲೆ ನಿಂತೇಹೋದವು.

"ಸೂಜಿ ಐತಲ್ಲ, ನೋವು ಬರಸೋದು? ಹಾಕ್ರಿ" ಎಂದರು ಬೀಗರು ನನಗೆ.

ಆ ಔಷಧವನ್ನು ಬೇಕಾದವರಿಗೆ ನಾನೇ ಎಷ್ಟೋ ಸಲ ಸಲೈನಿನಲ್ಲಿ ಹಾಕಿ ಕೊಟ್ಟಿದ್ದೇನೆ. ಅದರಿಂದ ಬದುಕಿದವರಿದ್ದಾರೆ. ಆದರೆ ಈ ಹುಡುಗಿಗೆ ಅದು ಬೇಕಿರಲಿಲ್ಲ. ಗರ್ಭದ ಬಾಯಿ ಇನ್ನೂ ಪೂರ್ತಿ ಹದಕ್ಕೆ ಬಂದಿರಲಿಲ್ಲ. ಪಂಚಾಂಗಕ್ಕೆ ಹೆದರಿ ಆತುರ ಮಾಡಿದರೆ ತಾಯಿಗೋ ಕೂಸಿಗೋ ಪೆಟ್ಟಾಗಬಹುದಿತ್ತು. ಹಾಗೆಂದು ಹೇಳಿದೆ. ಬೀಗರು ನನ್ನ ಕಡೆ ತಿರುಗಿಯೂ ನೋಡದೆ ಸರ್ ಹತ್ತಿರ ಹೋದರು. "ಈ ಅಮ್ಮ ನಿಮ್ಮ ಶಿಷ್ಯಳಂತಲ್ಲ. ನೀವು ಒಂದು ಮಾತು ಹೇಳ್ರಿ, ಹಾಕತಾಳ. ಹೇಳಂಗಿಲ್ಲ ಅಂದ್ರ ಮಗಳನ್ನ ನೀವ ಇಟ್ಕೊಳ್ರಿ."

ಹೆಣ್ಣು ಕೊಟ್ಟವರು ಇಂಥ ಮಾತಿಗೆ ಎದುರಾಡುವ ಕಾಲ ಅದಲ್ಲ. ಸರ್ ನನ್ನ ಮುಖ ನೋಡಿದರು. ನನಗೂ ದಿಗಿಲೇ. ಅವರು ಹೂಂ ಎಂದುಬಿಟ್ಟರೆ ನಾನೇನು ಮಾಡಬೇಕು? ಹತ್ತಿರ ಹೋಗಿ, "ಸರ್, ನೋವು ನಿಂತಾವ. ಆಕಿ ಅಂಜ್ಯಾಳ. ಮಂದಿ ಇಲ್ಲಿಂದ ಹೋದ್ರ ತಾನ ಬರತಾವ" ಎಂದು ಪಿಸುಗುಟ್ಟಿದೆ. ಅವರು ತಲೆಯಾಡಿಸಿದರು. ಆಮೇಲೆ ಬೀಗರ ಕೈ ಹಿಡಿದುಕೊಂಡರು.

"ಬರ್ರಿ ಬೀಗರ, ಎಲ್ಲಾರೂ ಬರ್ರಿ. ಸೂಜಿ ಹಾಕೂದಕಿಂತ ಮದ್ಲ ಅದು ಒಳಗ ಹೋಗಿ ಏನು ಮಾಡತೈತಿ ಅಂತ ನೀವು ತಿಳ್ಕೋಬೇಕು. ಗಿಡದ ಕೆಳಗ ತಂಪೈತಿ, ಕುಂದರ್ರಿ."

ಆಮೇಲೆ ನಡೆದದ್ದನ್ನು ನಾನು ವಾರ್ಡಿನ ಕಿಟಕಿಯಿಂದ ನೋಡಿದೆ, ಕೆಲಸದ ನಡುವೆ ಕಿವಿಗೆ ಬಿದ್ದಷ್ಟು ಕೇಳಿದೆ. ಮರದ ಕೆಳಗೆ ಜಮಖಾನೆ ಹಾಸಿಸಿದರು. ಒಗ್ಗರಣೆ ಮಂಡಕ್ಕಿ, ಬಿಸಿ ಮಿರ್ಚಿ ತರಿಸಿದರು. ಬೀಗರ ಬಾಯಲ್ಲಿ ಮಿರ್ಚಿ ಇರುವಾಗಲೇ ಪಾಠ ಶುರುಮಾಡಿದರು.

"ಗರ್ಭಚೀಲ ಅಂದ್ರ ಬರೇ ಚೀಲ ಅಲ್ರಿ, ನಮ್ಮ ರಟ್ಟಿ ಇದ್ದಂಗ ಗಟ್ಟಿ ಮಾಂಸ. ಒಂಬತ್ತು ತಿಂಗಳು ಅದು ಹಿಂಡದಂಗ ಇರಬೇಕಲ್ಲ? ಅದಕ ಒಂದು ರಸ ಐತಿ, ಪ್ರೊಜೆಸ್ಟರಾನ್ ಅಂತ. ಇನ್ನೂ ಹೊತ್ತೈತಿ, ಸುಮ್ನಿರು ಅಂತ ಅದು ಹೇಳ್ಕೋಂತ ಇರತೈತಿ. ದಿನ ತುಂಬಿದ ಮ್ಯಾಲ ಈಸ್ಟ್ರೋಜನ್ ಅನ್ನೋ ರಸದ ಕೈ ಮ್ಯಾಲಾಗತೈತಿ, ಅದು ಚೀಲಾನ ಎಬ್ಬಸತೈತಿ. ಚೀಲದ ಬಾಯಿ ಮೆತ್ತಗ ಮಾಡಾಕ ಬ್ಯಾರೇ ರಸ. ಎಲ್ಲಾರದೂ ಆದ ಮ್ಯಾಲ, ಇಲ್ಲಿ ತಲ್ಯಾಗ ಕಡ್ಲಿಕಾಳಿನಷ್ಟು ಒಂದು ಗ್ರಂಥಿ ಐತಲ್ಲ, ಅಲ್ಲಿಂದ ಆಕ್ಸಿಟೋಸಿನ್ ಇಳೀತೈತಿ. ಅದು ಬಂದಂಗೆಲ್ಲ ನೋವು, ನೋವು ಬಂದಂಗೆಲ್ಲ ಅದು. ನಿಮ್ಮ ಸೂಜ್ಯಾಗ ಇರೋದು ಅದ."

"ಅದ ಇದ್ರ ಹಾಕಾಕ ಏನು ಧಾಡಿ?" ಎಂದರು ಬೀಗರು.

"ಅದು ಕಡೇ ಆಳು, ಬೀಗರ. ಮುಂಚಿನೋರು ಕೆಲಸ ಮುಗಿಸಿರಂಗಿಲ್ಲ, ಇದನ್ನೊಂದ ಕರ್ಕೊಂಬಂದ್ರ ಮುಚ್ಚಿದ ಬಾಗಲಿಗೆ ತಲಿ ಹೊಡೀತೈತಿ. ಆ ತಲಿ ನಿಮ್ಮ ಮನಿ ಕೂಸಿಂದು."

ಬೀಗರು ಅಗಿಯುವುದನ್ನು ನಿಲ್ಲಿಸಿದರು. "ಮತ್ತ ಮುಂಜಾನಿ ಬಂದ ನೋವು ಈಗ ಯಾಕ ನಿಂತಾವ?"

"ಅಂಜಿಕಿರಿ. ಅಂಜಿಕಿಗೆ ಒಂದು ರಸ ಐತಿ, ಅದು ಬಂದ್ರ ಇವೆಲ್ಲ ಹಿಂದ ಸರೀತಾವ."

"ಯಾರಿಗಂಜ್ಯಾಳ?" ದನಿ ಏರಿತು.

ನಾನು ಕಿಟಕಿಗೆ ಇನ್ನಷ್ಟು ಹತ್ತಿರ ಸರಿದೆ. ಸರ್ ಒಂದಿಷ್ಟೂ ತಡವರಿಸದೆ, "ನನಗ. ನಾನು ಮದ್ಲ ಅಂಜುಬುರುಕ, ನನ್ನ ಮುಖ ನೋಡಿ ಆಕೀಗೂ ಅಂಜಿಕಿ. ಅದಕ ನಾ ಒಳಗ ಹೋಗಬಾರದು. ನೀವೂ ನನ್ನ ಬಿಟ್ಟು ಹೋಗಬ್ಯಾಡ್ರಿ" ಎಂದರು. ಹೊರಗೆ ಎಲ್ಲರೂ ನಕ್ಕರು. ಅಷ್ಟರಲ್ಲಿ ಒಳಗೆ ಹುಡುಗಿ ತಾಯಿಯ ತೊಡೆಗೆ ತಲೆಯಿಟ್ಟು ಒಂದು ನಿದ್ದೆ ತೆಗೆದಿದ್ದಳು. ಎಚ್ಚರವಾದಾಗ ನೋವು ಮರಳಿ ಬಂದಿತ್ತು.

ಪಾಠ ನಿಲ್ಲಲಿಲ್ಲ. ಬೀಗರು ಏಳಲು ಹೋದಾಗಲೆಲ್ಲ ಸರ್ ಹೊಸದೊಂದು ರಸ ತೆಗೆಯುತ್ತಿದ್ದರು. ಕೊನೆಗೆ ತಮ್ಮ ಪ್ರೀತಿಯ ಜಾಗಕ್ಕೆ ಬಂದರು. "ಯಾವಾಗ ಹುಟ್ಟಬೇಕು ಅಂತ ಹೇಳೋರು ಪಂಚಾಂಗದೋರೂ ಅಲ್ಲ, ಡಾಕ್ಟರೂ ಅಲ್ಲ. ಕೂಸು! ಉಸಿರಾಡಾಕ ತಯಾರಾದ ಮ್ಯಾಲ ಕೂಸ ಒಳಗಿಂದ ಸುದ್ದಿ ಕಳಸತೈತಿ, ತಾಯಿ ಆಮ್ಯಾಲ ಬಾಗಲಾ ತೆಗೀತಾಳ." ನಾನು ಆಗ ಒಂದು ಗಮನಿಸಿದೆ. ಅಷ್ಟು ಹೊತ್ತಿನ ಪಾಠದಲ್ಲಿ ಸರ್ ಒಮ್ಮೆಯೂ ಕುರಿಯ ಮಾತೆತ್ತಲಿಲ್ಲ. ಗಿರಣಿ ಮನೆಯ ಸೊಸೆಯನ್ನು ಕುರಿಗೆ ಹೋಲಿಸಿದರೆ ಬೀಗರು ಅಲ್ಲಿಯೇ ಜೀಪು ಹತ್ತುತ್ತಿದ್ದರು ನಿಜ. ಆದರೂ ಕುರಿಯಲ್ಲಿ ಕಂಡದ್ದನ್ನು ಮನುಷ್ಯರದೆಂದು ಸರ್ ಹೇಳಿದ್ದು ಅದೇ ಮೊದಲು.

ದೀಪ ಹಚ್ಚುವ ಹೊತ್ತಿಗೆ ಹೆಣ್ಣು ಕೂಸು ಹುಟ್ಟಿತು. ತಾಯಿ ಮಗು ಇಬ್ಬರೂ ಚೆನ್ನಾಗಿದ್ದರು. ಹೊರಗೆ ಬಂದು ಹೇಳಿದೆ. ಬೀಗರು ಹೆಣ್ಣೋ ಗಂಡೋ ಕೇಳಲಿಲ್ಲ, "ಅಮಾಸಿ ಹತ್ತೇತಲ್ಲ?" ಎಂದರು. ಹೊತ್ತು ಎಲ್ಲರಿಗೂ ಕಾಣುತ್ತಿತ್ತು. ಸರ್ ಕೈ ಮುಗಿದರು. "ತಪ್ಪು ನಂದು ಬೀಗರ. ನಿಮ್ಮನ್ನ ಮಾತಿನಾಗ ಹಿಡಿದು ಕುಂದರಿಸಿದೋನು ನಾನು." ಆಗ ಅವರಿಗೆ ಎಲ್ಲ ಅರ್ಥವಾಯಿತು. ತೆಲುಗಿನಲ್ಲಿ ಏನೇನೋ ಅಂದರು, ಕೂಸಿನ ಮುಖ ನೋಡದೆ ಎಲ್ಲರನ್ನೂ ಜೀಪಿಗೆ ಹತ್ತಿಸಿಕೊಂಡು ಹೊರಟುಹೋದರು. ಧೂಳು ಅಡಗಿದ ಮೇಲೆ ಸರ್ ವಾರ್ಡಿನ ಬಾಗಿಲಿಗೆ ಬಂದು ಚಪ್ಪಲಿ ಬಿಟ್ಟು, "ಒಳಗ ಬರಬಹುದೇನವ್ವ?" ಎಂದು ಕೇಳಿದರು. ಆ ಹೊಸ್ತಿಲು ದಾಟಿ ಅವರು ಒಳಗೆ ಬಂದದ್ದನ್ನು ನಾನು ಕಂಡದ್ದು ಅದೇ ಮೊದಲು. ಕೂಸನ್ನು ಎತ್ತಿಕೊಳ್ಳಲು ಬರದೆ ಎರಡೂ ಕೈ ಚಾಚಿ ನಿಂತಿದ್ದರು. ನನಗೆ ಅಳು ಬಂತು.

ತೊಟ್ಟಿಲ ಶಾಸ್ತ್ರಕ್ಕೆ ಸಿರುಗುಪ್ಪದಿಂದ ಯಾರೂ ಬರಲಿಲ್ಲ. ಬಾಣಂತನ ಮುಗಿಯಿತು, ಕರೆದೊಯ್ಯಲೂ ಬರಲಿಲ್ಲ. ಅಳಿಯ ಎರಡು ಸಲ ಅಪ್ಪನಿಗೆ ತಿಳಿಯದಂತೆ ಮೋಟರ್ ಸೈಕಲ್ಲಿನಲ್ಲಿ ಬಂದು, ಕೂಸನ್ನು ನೋಡಿ, ನೀರು ಕುಡಿದು ಹೋದ. ಕೂಸು ಬೋರಲು ಬಿದ್ದಿತು, ಅಂಬೆಗಾಲಿಟ್ಟಿತು. ಕಂಟೋನ್ಮೆಂಟಿನಲ್ಲಿ ಜನ ಮಾತಾಡಿಕೊಳ್ಳತೊಡಗಿದರು. ಮಗಳು ತಂದೆಯನ್ನು ಒಂದು ಮಾತೂ ಅನ್ನಲಿಲ್ಲ, ಅದೇ ಅವರಿಗೆ ಹೆಚ್ಚು ಉರಿಯುತ್ತಿತ್ತು. "ಆಕಿ ಸಂಸಾರ ನಾ ಕೆಡಿಸಿದೆನೇನವ್ವ?" ಎಂದು ನನ್ನನ್ನು ಕೇಳಿದ್ದರು. ಆ ವರ್ಷ ಕಾಲೇಜಿನಲ್ಲಿ ಹೆರಿಗೆಯ ಪಾಠವನ್ನು ಪುಸ್ತಕ ನೋಡಿ ಓದಿ ಮುಗಿಸಿದರಂತೆ. ಯಾರೂ ಮ್ಯಾ ಅನ್ನಲಿಲ್ಲವಂತೆ.

ಒಂದು ಭಾನುವಾರ ಬೆಳಿಗ್ಗೆ ಕೂಸಿಗೆ ನೆಗಡಿ ಎಂದು ನಾನು ಅವರ ಮನೆಗೆ ಹೋಗಿದ್ದೆ. ಗೇಟು ಸದ್ದಾಯಿತು. ಕೈಯಲ್ಲಿ ಒಂದು ಬಟ್ಟೆಯ ಚೀಲ ಹಿಡಿದು ಬೀಗತಿ ಒಬ್ಬರೇ ನಿಂತಿದ್ದರು. ಮನೆಯಲ್ಲಿ ಹೇಳದೆ ಬಸ್ಸು ಹತ್ತಿ ಬಂದಿದ್ದರು. ಸರ್ ಗಾಬರಿಯಿಂದ ಎದ್ದು ಕುರ್ಚಿ ಎಳೆದರು. ಅವರು ಕುರ್ಚಿಯಲ್ಲಿ ಕೂರದೆ ನೆಲದ ಮೇಲೆ ಕೂತು ಕೂಸನ್ನು ತೊಡೆಯ ಮೇಲೆ ಹಾಕಿಕೊಂಡರು. ಬಹಳ ಹೊತ್ತು ಅದರ ಅಂಗಾಲು ತಿಕ್ಕುತ್ತ ಕೂತವರು, ತಲೆ ಎತ್ತದೆ ಕೇಳಿದರು.

"ಬೀಗರ, ಅವತ್ತು ಗಿಡದ ಕೆಳಗ ಕೂಸ ಸುದ್ದಿ ಕಳಸತೈತಿ ಅಂದ್ರಿ. ಅದು ಸುದ್ದಿ ಕಳಸೂದಕಿಂತ ಮದ್ಲ ಸೂಜಿ ಹಾಕಿ ಹೊರಗ ತಗದ್ರ ಕೂಸು ಹೋಗತೈತೇನು?"

ಸರ್ ತಾವು ಎಳೆದ ಕುರ್ಚಿಯ ಮೇಲೆ ತಾವೇ ಕೂತರು.

"ನನ್ನ ಮದಲನೇದು ಗಂಡು. ಕುರುಗೋಡಾಗ ನಮ್ಮ ತವರಮನ್ಯಾಗ. ಅಮಾಸಿ ಹತ್ತತೈತಿ ಅಂತ ನಮ್ಮಪ್ಪ ಒಬ್ಬ ಕಂಪೌಂಡರನ್ನ ಕರ್ಕೊಂಬಂದು ಸೂಜಿ ಹಾಕಿಸಿದ. ಅಮಾಸಿಕಿಂತ ಮದ್ಲ ಹುಟ್ಟಿತು. ಅಳಲಿಲ್ಲ." ಅವರ ಕೈ ಕೂಸಿನ ಕಾಲ ಮೇಲೆ ಹಾಗೆಯೇ ನಿಂತಿತು. "ಆವತ್ತಿಂದ ನನ್ನ ಹೊಟ್ಟೀನ ಸರಿ ಇಲ್ಲ, ನನ್ನ ಕಾಲ್ಗುಣ ಸರಿ ಇಲ್ಲ ಅಂದ್ರು. ಆಮ್ಯಾಲ ನಿಮ್ಮ ಅಳಿಯ ಹುಟ್ಟಿದ್ರೂ ಅನ್ನೋದು ಬಿಡಲಿಲ್ಲ. ನೀವು ಹೇಳ್ರಿ. ಸೂಜಿ ತಪ್ಪೋ, ನನ್ನ ತಪ್ಪೋ?"

ಸರ್ "ಸೂಜಿ" ಎಂದುಬಿಟ್ಟಿದ್ದರೆ ಆಗಿಹೋಗುತ್ತಿತ್ತು. ನನ್ನ ಬಾಯಿಯ ತನಕ ಅದೇ ಮಾತು ಬಂದಿತ್ತು. ಅವರ ಮಗಳು ಒಳಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ಅವಳು ಗಂಡನ ಮನೆಗೆ ಹೋಗುವ ದಾರಿ ಆ ಹೆಂಗಸಿನ ಮನಸ್ಸಿನಲ್ಲಿತ್ತು, ಅದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಸರ್ ಕುರ್ಚಿಯಿಂದ ಇಳಿದು ಬಂದು ಅವರ ಎದುರಿಗೆ ನೆಲದ ಮೇಲೆ ಕೂತರು.

"ಅಕ್ಕಾರ, ಅವತ್ತು ನಾ ಒಂದು ಮುಚ್ಚಿಟ್ಟೆ. ಕೂಸ ಸುದ್ದಿ ಕಳಸತೈತಿ ಅಂದದ್ದು ಕುರಿದು. ಕುರ್ಯಾಗ ನೋಡ್ಯಾರ. ಮನುಷ್ಯಾರದು ಹಂಗ ಇರಬಹುದು, ಇರಲಿಕ್ಕಿಲ್ಲ, ಇನ್ನೂ ಯಾರಿಗೂ ಪೂರಾ ತಿಳಿದಿಲ್ಲ. ನನ್ನ ಮಗಳು ಉಳೀಲಿ ಅಂತ ನಾ ಎಲ್ಲಾ ತಿಳಿದೋರಂಗ ಹೇಳಿದೆ. ನಿಮ್ಮ ಕೂಸು ಸೂಜಿಯಿಂದ ಹೋತೋ, ಬ್ಯಾರೇದರಿಂದ ಹೋತೋ, ನನಗ ಗೊತ್ತಿಲ್ಲ. ನಾಳಿ ಹೇಳತೀನಿ ಅನ್ನಾಕೂ ಬರಂಗಿಲ್ಲ, ನಾಳಿಗೂ ಗೊತ್ತಾಗಂಗಿಲ್ಲ." ಅವರು ಕೂಸಿನ ತಲೆಯ ಮೇಲೆ ಕೈಯಿಟ್ಟರು. "ನಿಮ್ಮ ತಪ್ಪು ಅಲ್ಲ. ಅದೊಂದು ಗೊತ್ತೈತಿ."

ಬೀಗತಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತರು. ಕೂಸು ಬೆದರಿ ಅವರ ಮುಖವನ್ನೇ ನೋಡುತ್ತಿತ್ತು. ಸರ್ ಕೂಡ ಅಳುತ್ತಿದ್ದರು, ಒರೆಸಿಕೊಳ್ಳುವ ಗೊಡವೆಗೂ ಹೋಗಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಆಕೆ ಮೂಗು ಒರೆಸಿಕೊಂಡರು.

"ಗೊತ್ತಿಲ್ಲ ಅಂದೋರು ನೀವೊಬ್ರ ಬೀಗರ. ಇಷ್ಟು ವರ್ಷ ಎಲ್ಲಾರೂ ಗೊತ್ತೈತಿ ಅಂತಾನ ಅಂದ್ರು" ಎಂದರು. ಆಮೇಲೆ ಬಾಗಿಲ ಕಡೆ ತಿರುಗಿ ಸೊಸೆಯನ್ನು ಕರೆದರು. "ಯವ್ವಾ, ಕೂಸಿನ ಅರಿವಿ ಎಲ್ಲಾ ಮಡಚಿ ಗಂಟು ಕಟ್ಟು. ಮಧ್ಯಾಹ್ನದ ಬಸ್ಸಿಗೆ ಹೋಗೋಣ."

"ಮಾವನೋರು ಏನಂತಾರೋ, ಅತ್ತಿ…" ಎಂದಳು ಹುಡುಗಿ.

"ಅಲ್ಲೇ ಜಗಲಿ ಮ್ಯಾಲ ಕುಂತಿರತಾರ" ಎನ್ನುತ್ತ ಬೀಗತಿ ಕೂಸನ್ನು ಹೆಗಲಿಗೆ ಹಾಕಿಕೊಂಡು ಎದ್ದರು. "ಅವರ ಮುಂದ ನಾ ಹೊಕ್ಕೀನಿ, ನನ್ನ ಹಿಂದ ನೀ ಬಾ."